ಒಂದೇ ಸಾಲಿನಲ್ಲಿ ಎರಡು ನಂಬರು

ಕಾರ್ಖಾನೆಯಲ್ಲಿ ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಗೇರ್ ಚಕ್ರ ಮಾಡುವ ಕಾರ್ಖಾನೆಯಲ್ಲಿದ್ದೆ, ಆದರೆ ಒಂದು ಗೇರನ್ನೂ ನಾನು ಮಾಡಲಿಲ್ಲ. ಕಂಪ್ಯೂಟರ್ ವಿಭಾಗದಲ್ಲಿದ್ದೆ, ಆದರೆ ಕಂಪ್ಯೂಟರ್ ಓದಿದವಳಲ್ಲ. ಮಾಲೂರಿನ ಕಡೆಯಿಂದ ಮದುವೆಯಾಗಿ ಹೊಸೂರಿಗೆ ಬಂದು, ಬೆರಳಚ್ಚು ಪರೀಕ್ಷೆ ಪಾಸಾದ ಬಲದ ಮೇಲೆ ಕೆಲಸಕ್ಕೆ ಸೇರಿದೆ. ಬೆರಳಚ್ಚು ಯಂತ್ರ ಹೋಗಿ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರಿಸಿದರು. ಅಲ್ಲೇ ಕೂತು ನಿವೃತ್ತಳಾದೆ. ಈಗ ನಮ್ಮ ಆಲಸನತ್ತಂ ಬೀದಿಯಲ್ಲೇ ನಾಲ್ಕಾರು ಹುಡುಗಿಯರು ಇಂಥದೇ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ಉಪಯೋಗವಾಗುತ್ತದೋ ಇಲ್ಲವೋ ತಿಳಿಯದು, ಏಕೆಂದರೆ ಇದರಲ್ಲಿ ನನಗೆ ಅರ್ಥವಾದದ್ದಕ್ಕಿಂತ ಅರ್ಥವಾಗದೆ ಉಳಿದದ್ದೇ ಹೆಚ್ಚು.

ಗೇರುಗಳನ್ನು ಗಟ್ಟಿ ಮಾಡಲು ಫರ್ನೇಸಿಗೆ ಹಾಕಿ ಕಾಯಿಸುತ್ತಾರೆ. ಒಂದು ಸಲ ತುಂಬಿ ಕಾಯಿಸಿ ತೆಗೆದರೆ ಅದು ಒಂದು ಜಾಬ್. ನಮ್ಮಲ್ಲಿ ಮೂರು ಫರ್ನೇಸ್ ಇದ್ದವು. ಪ್ರತಿಯೊಂದಕ್ಕೂ ಅದರದೇ ಸಣ್ಣ ಕಂಪ್ಯೂಟರ್ ಇತ್ತು, ಜಾಬ್ ಮುಗಿದ ಕೂಡಲೇ ಅದು ಒಂದು ಉದ್ದ ಸಾಲು ಬರೆದಿಡುತ್ತಿತ್ತು: ತಾರೀಕು, ಫರ್ನೇಸ್ ನಂಬರು, ಜಾಬ್ ನಂಬರು, ಯಾವ ಗೇರು, ಎಷ್ಟು ಶಾಖ, ಎಷ್ಟು ಹೊತ್ತು, ಆಮೇಲೆ OP ಎಂಬ ಎರಡಕ್ಷರ ಮತ್ತು ಆಪರೇಟರನ ನಾಲ್ಕಂಕಿಯ ನಂಬರು. ಕೊನೆಯಲ್ಲಿ ಷರಾ. ಷರಾ ಎಂದರೆ ಆಪರೇಟರು ಏನಾದರೂ ಹೇಳುವುದಿದ್ದರೆ ಅಲ್ಲಿ ಟೈಪ್ ಮಾಡಬೇಕು. ಇಂಥ ಸಾವಿರಾರು ಸಾಲುಗಳ ಫೈಲಿಗೆ ಜಾಬ್ ಲಾಗ್ ಎನ್ನುತ್ತಿದ್ದರು. ಅದರೊಳಗಿಂದ ಬೇಕಾದ್ದನ್ನು ಹೆಕ್ಕಿ ಕಾಲಮ್ಮುಗಳಲ್ಲಿ ಹಾಕಿ ಮೇಲಿನವರಿಗೆ ಕೊಡುವುದು ನನ್ನ ಕೆಲಸ.

ಮೊದಮೊದಲು ನಾನು ಲಾಗನ್ನು ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು, ಪೆನ್ಸಿಲ್ ಗೆರೆ ಎಳೆದು ಒಂದೊಂದೇ ಸಾಲು ಓದುತ್ತಿದ್ದೆ. ಓದುವಾಗ ಷರಾ ಕೂಡ ಕಣ್ಣಿಗೆ ಬೀಳುತ್ತಿತ್ತು. ಒಬ್ಬ ತಮಿಳಿನಲ್ಲಿ, ಒಬ್ಬ ತೆಲುಗಿನಲ್ಲಿ, ಒಬ್ಬ ನಮ್ಮ ಕನ್ನಡದಲ್ಲಿ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಎಣ್ಣೆ ಬಿಸಿಯಾಗುತ್ತಿಲ್ಲ ಎಂದು ಒಂದು ಕಡೆ, ಟೀ ಇನ್ನೂ ಬಂದಿಲ್ಲ ಎಂದು ಇನ್ನೊಂದು ಕಡೆ. ಓದಿ ನಗುತ್ತಿದ್ದೆ, ಕೆಲಸ ನಿಧಾನವಾಗುತ್ತಿತ್ತು.

ನಮ್ಮ ಮ್ಯಾನೇಜರ್ ಸುಂದರಮೂರ್ತಿಯವರಿಗೆ ನಿಧಾನ ಹಿಡಿಸದು. ಕೃಷ್ಣಗಿರಿಯವರು, ದಿನಾ ಅಲ್ಲಿಂದಲೇ ಬರುತ್ತಿದ್ದರು, ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು. ಬೈದವರಲ್ಲ. ಗಡಿಯಾರ ನೋಡುತ್ತಿದ್ದರು, ಅಷ್ಟೆ. ಅವರೇ ಕಲೈವಾಣಿ ಎಂಬ ಇಂಜಿನಿಯರನ್ನು ನನ್ನ ಪಕ್ಕದ ಕುರ್ಚಿಗೆ ತಂದು, ಈ ಅಮ್ಮನಿಗೆ ರೆಜೆಕ್ಸ್ ಹೇಳಿಕೊಡು ಎಂದರು.

ರೆಜೆಕ್ಸ್ ಎಂದರೆ ಏನೆಂದು ಈಗಿನವರಿಗೆ ಗೊತ್ತಿರುತ್ತದೆ. ನನಗೆ ಅವಳು ಹೇಳಿದ್ದು ಹೀಗೆ: ನಿಮಗೆ ಬೇಕಾದ ಪದ ಹೇಗಿರುತ್ತದೆ ಎಂದು ಒಂದು ಅಚ್ಚು ಬರೆಯಿರಿ, ಕಂಪ್ಯೂಟರ್ ಆ ಅಚ್ಚಿಗೆ ಕೂರುವುದನ್ನೆಲ್ಲ ಹುಡುಕಿ ತಂದುಕೊಡುತ್ತದೆ. ಕೇಳಲು ಸುಲಭ. ಆದರೆ ಆ ಅಚ್ಚು ಬರೆಯುವ ಚಿಹ್ನೆಗಳೆಲ್ಲ ನನಗೆ ಗೊತ್ತಿದ್ದವೇ, ಗೊತ್ತಿದ್ದ ಅರ್ಥ ಮಾತ್ರ ಯಾವುದಕ್ಕೂ ಇರಲಿಲ್ಲ. ಚುಕ್ಕಿ ಎಂದರೆ ಚುಕ್ಕಿಯಲ್ಲ, ಯಾವ ಅಕ್ಷರವಾದರೂ ಆದೀತು. ನಕ್ಷತ್ರ ಎಂದರೆ ಹಿಂದಿನದು ಎಷ್ಟು ಸಲವಾದರೂ ಬರಬಹುದು. ಪ್ರಶ್ನಾರ್ಥಕ ಚಿಹ್ನೆ ಎಂದರೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬಸ್ಸಿನಲ್ಲಿ ಓದಿಕೊಂಡೆ. ಬೆಳಿಗ್ಗೆ ಗೊತ್ತಿದ್ದದ್ದು ಮಧ್ಯಾಹ್ನಕ್ಕೆ ಮರೆಯುತ್ತಿತ್ತು.

ಮೊದಲ ಎಡವಟ್ಟು ಚುಕ್ಕಿಯದೇ. ಹನ್ನೆರಡು ಚುಕ್ಕಿ ನಾಲ್ಕು ಎಂಬ ನಂಬರಿನ ಗೇರು ಆ ತಿಂಗಳು ಎಷ್ಟು ಜಾಬ್ ಆಗಿದೆ ಎಂದು ಕೇಳಿದ್ದರು. ನಾನು ಹಾಗೇ ಟೈಪ್ ಮಾಡಿದೆ. ಚುಕ್ಕಿಯ ಜಾಗದಲ್ಲಿ ಯಾವುದಾದರೂ ಸರಿ ಎಂದುಕೊಂಡ ಕಂಪ್ಯೂಟರ್ ಸಾವಿರದ ಇನ್ನೂರ ನಾಲ್ಕು, ಸಾವಿರದ ಇನ್ನೂರ ಎಪ್ಪತ್ತನಾಲ್ಕು ಎಂಬ ಬೇರೆ ಗೇರುಗಳನ್ನೂ ಸೇರಿಸಿ ಕೊಟ್ಟಿತು. ಸುಂದರಮೂರ್ತಿಯವರು ಮೀಟಿಂಗಿನಲ್ಲಿ ಉತ್ಪಾದನೆ ದುಪ್ಪಟ್ಟಾಗಿದೆ ಎಂದು ಹೇಳಿ, ಫರ್ನೇಸಿನವರನ್ನು ಹೊಗಳಿ ಬಂದರು. ಎರಡು ದಿನದ ನಂತರ ಗೋಡೌನಿನವರು ಆ ಗೇರುಗಳೆಲ್ಲಿ ಎಂದು ಕೇಳಿದರು. ಚುಕ್ಕಿಗೆ ಮೊದಲು ಒಂದು ಓರೆಗೆರೆ ಹಾಕಿದರೆ ಮಾತ್ರ ಅದು ಚುಕ್ಕಿ ಎಂದು ಕಲೈವಾಣಿ ತೋರಿಸಿಕೊಟ್ಟಳು. ಆಮೇಲೆ ಎಲ್ಲ ಸರಿಹೋಯಿತು. ನಾನೂ ಧೈರ್ಯ ತಂದುಕೊಂಡೆ. ವಾರದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯತೊಡಗಿತು. ಲಾಗ್ ಓದುವುದನ್ನು ಬಿಟ್ಟೆ. ಕಲೈವಾಣಿ ಹೆರಿಗೆ ರಜೆಯ ಮೇಲೆ ಹೋದಾಗ, ಇನ್ನು ಅಚ್ಚುಗಳನ್ನು ನೀವೇ ಬರೆಯಬಲ್ಲಿರಿ ಅಕ್ಕ ಎಂದು ಹೇಳಿ ಹೋದಳು.

ಅವಳಿಲ್ಲದಾಗಲೇ ಮಾದಪ್ಪನ ವಿಷಯ ಬಂದದ್ದು.

ಮಾದಪ್ಪ ಗುಮ್ಮಳಾಪುರದವನು. ಅಲ್ಲಿ ಅಣ್ಣನ ಜೊತೆ ರಾಗಿ, ಟೊಮೇಟೊ ಬೆಳೆಯುತ್ತಿದ್ದ, ಇಲ್ಲಿ ಫರ್ನೇಸ್ ನಡೆಸುತ್ತಿದ್ದ. ಇಪ್ಪತ್ತು ವರ್ಷದ ಅನುಭವ. ಬಾಗಿಲ ಪಕ್ಕ ನಿಂತು ಕಿವಿಗೊಟ್ಟರೆ ಒಳಗೆ ಏನು ಕೆಟ್ಟಿದೆ ಎಂದು ಹೇಳುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವನು. ಕನ್ನಡದವರೆಂದು ನನ್ನನ್ನು ಅಕ್ಕ ಎನ್ನುತ್ತಿದ್ದ, ಸುಗ್ಗಿಯಲ್ಲಿ ಅವರೆಕಾಯಿ ತಂದುಕೊಡುತ್ತಿದ್ದ.

ಆ ಸಲ ಒಬ್ಬ ದೊಡ್ಡ ಗಿರಾಕಿ ಗೇರುಗಳನ್ನು ಮೆತ್ತಗಿವೆ ಎಂದು ಹಿಂದಕ್ಕೆ ಕಳಿಸಿದ. ಒಂದು ಲಾಟಲ್ಲ, ಮೂರು ತಿಂಗಳಲ್ಲಿ ಹನ್ನೊಂದು ಜಾಬಿನ ಗೇರು. ಆ ಹನ್ನೊಂದನ್ನು ಯಾರು ನಡೆಸಿದ್ದು ಎಂದು ಪಟ್ಟಿ ಕೊಡಿ ಎಂದರು ಸುಂದರಮೂರ್ತಿ. ಮೂರು ಫರ್ನೇಸಿನ ಸಾಲುಗಳೂ ಮೂರು ತರಹ, OPಗೆ ಮುಂಚೆ ಎಷ್ಟು ಪದ ಇರುತ್ತವೆ ಎಂದು ಹೇಳಲಾಗದು. ಹಾಗಾಗಿ ನಾನು ಮೊದಲು ಚುಕ್ಕಿ, ನಕ್ಷತ್ರ ಹಾಕಿದೆ, ಅಂದರೆ OPಗೆ ಮೊದಲು ಏನಾದರೂ ಇರಲಿ. ಆಮೇಲೆ OP, ಆಮೇಲೆ ನಾಲ್ಕು ಅಂಕಿ. ಅಚ್ಚು ಸರಿಯಿದೆಯೇ ಎಂದು ಲಾಗಿನ ಮೊದಲ ಇಪ್ಪತ್ತು ಸಾಲುಗಳನ್ನು ಕಣ್ಣಿನಲ್ಲಿ ಹೋಲಿಸಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ. ನಂತರ ಹನ್ನೊಂದು ಜಾಬಿನ ಪಟ್ಟಿ ತೆಗೆದೆ. ಹನ್ನೊಂದಕ್ಕೂ ಒಂದೇ ನಂಬರು ಬಂತು, 2231. ಯಾರದೆಂದು ನೋಡಿದೆ. ಮಾದಪ್ಪನದು.

ನನಗೆ ನಂಬಿಕೆ ಬರಲಿಲ್ಲ. ಮತ್ತೆ ಓಡಿಸಿದೆ, ಅದೇ ಬಂತು. ಇನ್ನೂ ಇಪ್ಪತ್ತು ಸಾಲು ಹೋಲಿಸಿದೆ, ಎಲ್ಲ ಸರಿಯಿತ್ತು. ಪಟ್ಟಿಯನ್ನು ಸುಂದರಮೂರ್ತಿಯವರ ಮೇಜಿನ ಮೇಲಿಟ್ಟು, ಸಾರ್, ಆತ ಒಳ್ಳೆಯ ಕೆಲಸಗಾರ ಎಂದೆ. ಅವರು ಪಟ್ಟಿಗೆ ಸಹಿ ಹಾಕಿದರು. ನಂತರ ತಮಿಳಿನಲ್ಲಿ ಮೆಲ್ಲಗೆ, "ಕಂಪ್ಯೂಟರ್ ಪೊಯ್ ಸೊಲ್ಲಾದಮ್ಮಾ" ಎಂದರು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು. ನನಗೂ ಹಾಗೇ ಅನ್ನಿಸಿತು. ಮನುಷ್ಯರು ಬದಲಾಗುತ್ತಾರೆ, ವಯಸ್ಸಾದ ಮೇಲೆ ಬೇಸರ ಬರುತ್ತದೆ ಎಂದು ನಾನೇ ಕಾರಣ ಹುಡುಕಿಕೊಂಡೆ.

ಮಾದಪ್ಪನಿಗೆ ಮೆಮೊ ಕೊಟ್ಟರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು.

ಮೆಮೊ ಹಿಡಿದುಕೊಂಡು ಅವನು ನೇರ ನನ್ನ ಮೇಜಿಗೆ ಬಂದ. ಸಿಟ್ಟಿರಲಿಲ್ಲ. ನನ್ನ ಹಾಗೆ ಅವನೂ ತಬ್ಬಿಬ್ಬಾಗಿದ್ದ. ಮೆಮೊದಲ್ಲಿದ್ದ ತಾರೀಕುಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಹೇಳಿದ:

"ಅಕ್ಕ, ಈ ದಿನ ನಾನು ಊರ್ನಾಗಿದ್ದೆ. ಹಿಂದಿನ್ ದಿನ ಆನೆಗೋಳು ಬಂದು ಬೇಲಿ ಕಿತ್ತಾಕ್ಬುಟ್ಟಿದ್ವು. ನಾನೂ ನಮ್ಮಣ್ಣನೂ ದಿನಾ ಪೂರ್ತಿ ಬೇಲಿ ಕಟ್ತಾ ಇದ್ವಿ. ರಜಾ ಚೀಟಿ ಕೊಟ್ಟಿವ್ನಿ. ಪರ್ನೇಸ್ ಓಡ್ಸಿದ್ದು ಯಾವಾಗ?"

ಹಾಜರಿ ಪುಸ್ತಕ ತರಿಸಿ ನೋಡಿದೆ. ನಿಜ, ಆವತ್ತು ಅವನಿಗೆ ರಜೆ. ಲಾಗಿನಿಂದ ಬಂದ ನನ್ನ ಪಟ್ಟಿಯಲ್ಲಿ ಅದೇ ದಿನ ಎರಡನೇ ಶಿಫ್ಟಿನಲ್ಲಿ ಅವನ ನಂಬರು. ಎರಡೂ ನಮ್ಮದೇ ಕಾರ್ಖಾನೆಯ ದಾಖಲೆ. ಒಬ್ಬ ಮನುಷ್ಯ ಗುಮ್ಮಳಾಪುರದಲ್ಲಿ ಬೇಲಿ ಕಟ್ಟುತ್ತಲೇ ಹೊಸೂರಿನಲ್ಲಿ ಫರ್ನೇಸ್ ನಡೆಸುವುದು ಹೇಗೆ? ನನ್ನ ತಲೆ ಓಡಲಿಲ್ಲ. ಸುಂದರಮೂರ್ತಿಯವರಿಗೆ ಹೇಳಿದೆ. ಅದರಿಂದ ಅವನಿಗೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಅವನು ತನ್ನ ನಂಬರನ್ನೂ ಪಾಸ್‌ವರ್ಡನ್ನೂ ಬೇರೆಯವರಿಗೆ ಕೊಟ್ಟು ಜಾಬ್ ನಡೆಸಲು ಬಿಟ್ಟಿದ್ದಾನೆ ಎಂದು ಆಡಳಿತದವರು ತೀರ್ಮಾನಿಸಿದರು. ಅಜಾಗರೂಕತೆಯ ಜೊತೆಗೆ ಮೋಸದ ಆರೋಪವೂ ಸೇರಿತು. ಮೊದಲನೆಯದಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದಿತ್ತು. ಎರಡನೆಯದಕ್ಕೆ ಕೆಲಸ ಹೋಗುತ್ತದೆ.

ವಿಚಾರಣೆಗೆ ನನ್ನನ್ನೂ ಕರೆದರು. ಉದ್ದ ಮೇಜು, ಆ ಕಡೆ ವಿಚಾರಣಾಧಿಕಾರಿ, ಈ ಕಡೆ ಮಾದಪ್ಪ. ಈ ನಂಬರು ಲಾಗಿನಲ್ಲಿ ಇದೆಯೇ ಇಲ್ಲವೇ ಎಂದು ಕೇಳಿದರು. ಇದೆ ಎಂದೆ. ನೀವೇನಾದರೂ ಸೇರಿಸಿದ್ದೀರಾ ಎಂದರು. ಇಲ್ಲ ಎಂದೆ. ಎರಡೂ ಉತ್ತರ ಸತ್ಯ, ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳಬೇಕು. ಮಾದಪ್ಪ ನನ್ನ ಕಡೆ ನೋಡುತ್ತಿದ್ದ, ನಾನು ಮೇಜಿನ ಕಡೆ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ನನ್ನ ಯಜಮಾನರು ಕುರ್ಚಿ ಹಾಕಿದರು, ಕಾಫಿ ಕೊಟ್ಟೆ. ಆ ಹೆಣ್ಣುಮಗಳು ಲೋಟ ಮುಟ್ಟಲಿಲ್ಲ. ಬೈಯಲು ಬಂದಿದ್ದಾರೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ.

"ಅಕ್ಕ, ನನ್ ನಂಬರ್ ಐತೆ ಅಂತ ಎಲ್ರೂ ಅಂತಾರೆ. ಆ ಸಾಲ್ನಾಗೆ ಏನ್ ಬರ್ದದೆ ಅಂತ ಯಾರೂ ಓದಿ ಯೋಳ್ನಿಲ್ಲ. ನೀನು ಓದಿದ್ಯಾ?"

ಓದಿರಲಿಲ್ಲ. ಅವನು ಹಾಗೆ ಕೇಳುವವರೆಗೆ, ಓದಿಲ್ಲ ಎಂಬುದು ಕೂಡ ನನಗೆ ಹೊಳೆದಿರಲಿಲ್ಲ. ನಾನು ಹೋಲಿಸಿದ ಸಾಲುಗಳೆಲ್ಲ ಲಾಗಿನ ಮೇಲ್ಭಾಗದವು, ಯಾವ ತೊಂದರೆಯೂ ಇಲ್ಲದ ಜಾಬುಗಳು. ತೊಂದರೆಯಾದ ಹನ್ನೊಂದನ್ನು ನಾನೂ ನೋಡಿರಲಿಲ್ಲ, ಸುಂದರಮೂರ್ತಿಯವರೂ ನೋಡಿರಲಿಲ್ಲ, ವಿಚಾರಣಾಧಿಕಾರಿಯೂ ನೋಡಿರಲಿಲ್ಲ. ಎಲ್ಲರೂ ನೋಡಿದ್ದು ಪಟ್ಟಿಯನ್ನು.

ಸೋಮವಾರ ಹೋದವಳೇ ಆ ಬೇಲಿ ಕಟ್ಟಿದ ದಿನದ ಸಾಲನ್ನು ತೆಗೆದೆ. ಹಳೆಯ ಅಭ್ಯಾಸದಂತೆ ಪ್ರಿಂಟ್ ಮಾಡಿ, ಸ್ಕೇಲ್ ಇಟ್ಟು ಓದಿದೆ. ತಾರೀಕು, ಫರ್ನೇಸ್ ಮೂರು, ಜಾಬ್, ಗೇರು, ಶಾಖ, ಹೊತ್ತು. ಆಮೇಲೆ OP 3108. ಅದು ಬೇರೆ ಆಪರೇಟರನ ನಂಬರು. ನಾನು ಸ್ಕೇಲನ್ನು ಎತ್ತಿ ಮತ್ತೆ ಇಟ್ಟೆ. ಸಾಲು ಇನ್ನೂ ಮುಗಿದಿರಲಿಲ್ಲ. ಕೊನೆಯ ಷರಾದಲ್ಲಿ ಆ ಆಪರೇಟರು ತಮಿಳಿನಲ್ಲಿ ಟೈಪ್ ಮಾಡಿದ್ದ: ಫ್ಯಾನ್ ಸದ್ದು ಬರುತ್ತಿದೆ, OP 2231ಗೆ ಅವರ ಊರಿಗೆ ಫೋನ್ ಮಾಡಿದೆ, ಬೇರಿಂಗ್ ಹೋಗಿದೆ, ಬದಲಾಯಿಸದೆ ಜಾಬ್ ಹಾಕಬೇಡ ಎಂದರು, ಸೂಪರ್‌ವೈಸರ್ ಹಾಕು ಎಂದರು.

ಉಳಿದ ಹತ್ತನ್ನೂ ಓದಿದೆ. ಮೊದಲ ನಂಬರು ಬೇರೆ ಬೇರೆ, ಐದು ಜನ. ಕೊನೆಯಲ್ಲಿ ಎಲ್ಲದರಲ್ಲೂ 2231, ಲಾಗಿನಲ್ಲಿ ಹೆಸರಿಗಿಂತ ನಂಬರು ಬರೆಯುವುದೇ ರೂಢಿ. ಒಬ್ಬ ಬರೆದಿದ್ದ, ಕರೆದೆ, ಬಂದು ನೋಡಿದರು. ಇನ್ನೊಬ್ಬ, ಕೇಳಿದೆ, ಫ್ಯಾನ್ ಎಂದರು. ಮತ್ತೊಬ್ಬ, ಮತ್ತೆ ಹೇಳಿದರು, ಬೇರಿಂಗ್. ಹನ್ನೊಂದೂ ಮೂರನೇ ಫರ್ನೇಸಿನವೇ. ಫ್ಯಾನು ನಿಧಾನವಾಗಿ ತಿರುಗಿ ಶಾಖ ಎಲ್ಲ ಕಡೆ ಸಮನಾಗಿ ಹೋಗದೆ ಗೇರು ಮೆತ್ತಗಾಗಿದ್ದವು. ಯಾರಿಗೆ ತೊಂದರೆ ಬಂದರೂ ಮಾದಪ್ಪನನ್ನು ಕೇಳುತ್ತಿದ್ದರು, ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತಿದ್ದರು. ಕೆಟ್ಟ ಜಾಬ್ ಎಲ್ಲಿದೆಯೋ ಅಲ್ಲೆಲ್ಲ ಅವನ ನಂಬರು ಇದ್ದದ್ದು ಅದಕ್ಕೆ.

ಆದರೂ ಕಂಪ್ಯೂಟರ್ ಮೊದಲನೆಯದನ್ನು ಬಿಟ್ಟು ಕೊನೆಯದನ್ನು ಯಾಕೆ ಹಿಡಿಯಿತು ಎಂದು ಗೊತ್ತಾಗಲಿಲ್ಲ. ಕಲೈವಾಣಿಗೆ ಫೋನ್ ಮಾಡಿದೆ. ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು. ಅವಳು ಹೇಳಿದಳು: ಚುಕ್ಕಿ ನಕ್ಷತ್ರಕ್ಕೆ ಆಸೆ ಜಾಸ್ತಿ ಅಕ್ಕ, ಮೊದಲು ಸಾಲನ್ನು ಕೊನೆಯವರೆಗೂ ನುಂಗಿಬಿಡುತ್ತದೆ, ಆಮೇಲೆ ಒಂದೊಂದೇ ಅಕ್ಷರ ಹಿಂದಕ್ಕೆ ಬರುತ್ತ OP ಎಲ್ಲಿದೆ ಎಂದು ಹುಡುಕುತ್ತದೆ, ಹಾಗಾಗಿ ಕೊನೆಯ OP ಸಿಗುತ್ತದೆ. ನಕ್ಷತ್ರದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮೊದಲನೆಯದಕ್ಕೇ ನಿಲ್ಲುತ್ತದೆ. ಪ್ರಶ್ನಾರ್ಥಕ ಎಂದರೆ ಇದ್ದರೂ ಇರಬಹುದು ಇಲ್ಲದೆಯೂ ಇರಬಹುದು ಎಂದಲ್ಲವೇ ಎಂದೆ. ಹೌದು, ಆದರೆ ನಕ್ಷತ್ರದ ಪಕ್ಕ ಬಂದರೆ ಆಸೆ ಬಿಡು ಎಂದು ಅರ್ಥ ಎಂದಳು. ಒಂದೇ ಚಿಹ್ನೆಗೆ ಜಾಗ ಬದಲಾದರೆ ಅರ್ಥ ಬದಲು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಚಿಹ್ನೆ ಹಾಕಿ ಓಡಿಸಿದಾಗ ಹನ್ನೊಂದು ಸಾಲಿಗೂ ಸರಿಯಾದ ನಂಬರುಗಳು ಬಂದವು. ಮಾದಪ್ಪನದು ಒಂದೂ ಇರಲಿಲ್ಲ.

ಹನ್ನೊಂದು ಹಾಳೆಗಳನ್ನೂ ಸುಂದರಮೂರ್ತಿಯವರ ಮುಂದಿಟ್ಟೆ. ಅವರು ಒಂದೊಂದೇ ಓದಿದರು. ಆ ದಿನ ಗಡಿಯಾರ ನೋಡಲಿಲ್ಲ. ಪಟ್ಟಿ ಮೇಲಿನವರವರೆಗೂ ಹೋಗಿದೆ, ಅದರ ಮೇಲೆ ತಮ್ಮ ಸಹಿಯಿದೆ ಎಂದರು. ಹೊಸ ಪಟ್ಟಿ ಮಾಡಿ ಕೊಡಿ, ಹಳೆಯದಕ್ಕೆ ಏನಾಯಿತು ಎಂದು ಬರೆಯಬೇಡಿ, ಸಾಕಷ್ಟು ಪುರಾವೆಯಿಲ್ಲ ಎಂದು ಅವನನ್ನು ಬಿಡಿಸೋಣ ಎಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಎರಡು ದಿನ ಹೊಸ ಪಟ್ಟಿಯನ್ನು ಡ್ರಾಯರಿನಲ್ಲೇ ಇಟ್ಟುಕೊಂಡೆ. ಪುರಾವೆಯಿಲ್ಲದೆ ಬಿಟ್ಟವನು ಎಂದರೆ ಮಾಡಿದ್ದಾನೆ, ಸಿಕ್ಕಿಬಿದ್ದಿಲ್ಲ ಎಂದೇ ಜನ ಅರ್ಥ ಮಾಡಿಕೊಳ್ಳುತ್ತಾರೆ. ನಾಳೆ ಅವನ ಹೆಂಡತಿ ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಿದರೆ ಏನು ಹೇಳುವುದು? ಹೇಳದಿದ್ದರೆ ಆಗುವುದೇನು, ಹೇಳಿದರೆ ಆಗುವುದೇನು ಎಂದು ಲೆಕ್ಕ ಹಾಕಿದಷ್ಟೂ ಗೊಂದಲವೇ ಆಯಿತು. ಕೊನೆಗೆ ಲೆಕ್ಕ ಬಿಟ್ಟು ವಿಚಾರಣಾಧಿಕಾರಿಗೆ ಒಂದು ಕಾಗದ ಬರೆದೆ. ಅಚ್ಚು ಬರೆದವಳು ನಾನು, ಅದು ತಪ್ಪಾಗಿತ್ತು, ಈ ಹಾಳೆಗಳನ್ನು ದಯವಿಟ್ಟು ಪೂರ್ತಿ ಓದಿ ಎಂದು.

ಅವರು ಓದಿದರು. ಮಾದಪ್ಪನ ಮೇಲಿನ ಎರಡೂ ಆರೋಪಗಳು ಹೋದವು, ತಪ್ಪು ನಿನ್ನದಲ್ಲ ಎಂದು ಬರವಣಿಗೆಯಲ್ಲೇ ಕೊಟ್ಟರು. ಮೂರನೇ ಫರ್ನೇಸನ್ನು ನಿಲ್ಲಿಸಿ ಫ್ಯಾನ್ ಬದಲಾಯಿಸಿದರು. ನನಗೆ ಎಚ್ಚರಿಕೆ ಪತ್ರ ಬಂತು, ನನ್ನ ಸರ್ವೀಸಿನಲ್ಲಿ ಬಂದದ್ದು ಅದೊಂದೇ. ಸುಂದರಮೂರ್ತಿಯವರು ಒಂದು ತಿಂಗಳು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಆಮೇಲೆ ಒಂದು ದಿನ, ಪ್ರತಿ ಪಟ್ಟಿಯ ಜೊತೆ ಮೂಲ ಸಾಲುಗಳನ್ನೂ ಲಗತ್ತಿಸಿ ಎಂದು ಅವರಾಗಿಯೇ ಹೇಳಿದರು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಂಡಿದ್ದೆ. ಆಗಲಿಲ್ಲ. ಮಾದಪ್ಪ ಕೆಲಸಕ್ಕೆ ಬಂದ, ತನ್ನ ಫರ್ನೇಸ್ ಬಿಟ್ಟು ಕದಲಲಿಲ್ಲ. ಯಾರಾದರೂ ಕರೆದರೆ ಮೇಂಟೆನೆನ್ಸಿನವರನ್ನು ಕೇಳಿ ಎನ್ನುತ್ತಿದ್ದ. ರಜೆಯ ದಿನ ಫೋನ್ ತೆಗೆಯುತ್ತಿರಲಿಲ್ಲ. ಉಳಿದ ಆಪರೇಟರುಗಳು ಷರಾ ಬರೆಯುವುದನ್ನೇ ಬಿಟ್ಟರು, ಬರೆದರೆ ಯಾರ ತಲೆಗೆ ಬರುತ್ತದೋ ಎಂದು. ನನ್ನ ಅಚ್ಚು ಈಗ ಒಂದು ಸಲವೂ ತಪ್ಪುತ್ತಿರಲಿಲ್ಲ. ಸಾಲುಗಳು ಚೊಕ್ಕಟವಾಗಿದ್ದವು, ಕೊನೆಯಲ್ಲಿ ಖಾಲಿ. ಚೊಕ್ಕಟವಾದ ಲಾಗ್ ನೋಡಿ ಖುಷಿಪಡಬೇಕೋ ಬೇಡವೋ ಎಂದು ನನಗೆ ತಿಳಿಯುತ್ತಿರಲಿಲ್ಲ.

ಕ್ಯಾಂಟೀನಿನಲ್ಲಿ ಒಂದು ದಿನ ಅವನ ಎದುರು ಕೂತು, ನನ್ನ ಮೇಲಿನ ಕೋಪಕ್ಕೆ ಬೇರೆಯವರನ್ನು ಕೈಬಿಡಬೇಡ ಎಂದು ಕೇಳಿಕೊಂಡೆ. ಅವನು ಅನ್ನ ಕಲಸುತ್ತಿದ್ದವನು ನಿಲ್ಲಿಸಿದ.

"ಕ್ವಾಪ ಇಲ್ಲ ಕಣಕ್ಕ. ನೀನು ಒಪ್ಕಂಡೆ, ಅಷ್ಟು ಯಾರು ಮಾಡ್ತಾರೆ. ಆದ್ರೆ ಪೋನ್ ಬಡ್ಕೊಂಡ್ರೆ ಕೈ ಹೋಗಾಕಿಲ್ಲ. ಏನ್ ಮಾಡ್ಲಿ?"

ಊಟ ಮುಗಿಸಿ ಇಬ್ಬರೂ ತಟ್ಟೆ ತೊಳೆದಿಟ್ಟು ಹೋದೆವು.

ಆ ಮಾತಿನ ನಂತರ ನಾನು ದಿನಾ ಮಧ್ಯಾಹ್ನ ಲಾಗನ್ನು ಪ್ರಿಂಟ್ ತೆಗೆದು ಮೊದಲಿನಂತೆ ಓದತೊಡಗಿದೆ. ಯಾರೂ ಹೇಳಿರಲಿಲ್ಲ, ಅದರಿಂದ ಪ್ರಯೋಜನವೂ ಕಾಣಲಿಲ್ಲ. ವಾರಗಟ್ಟಲೆ ಖಾಲಿ ಷರಾಗಳನ್ನೇ ಓದಿದೆ. ಒಂದು ದಿನ ಎರಡನೇ ಫರ್ನೇಸಿನ ಸಾಲಿನಲ್ಲಿ ಹೊಸದಾಗಿ ಬಂದ ಆಪರೇಟರ್ ಹೆಣ್ಣುಮಗಳೊಬ್ಬಳು ಟೈಪ್ ಮಾಡಿದ್ದಳು: ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಯಾರನ್ನೂ ಕೇಳಿಲ್ಲ.

ಅದನ್ನು ಎರಡು ಸಲ ಓದಿದೆ. ಹಾಳೆ ಹಿಡಿದುಕೊಂಡು ಫರ್ನೇಸುಗಳಿರುವ ಶೆಡ್ಡಿಗೆ ಹೋದೆ. ಅಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋದದ್ದು ಎಣಿಸಿ ಹೇಳಬಹುದಾದಷ್ಟು ಸಲ. ಮಾದಪ್ಪ ತನ್ನ ಫರ್ನೇಸಿನ ಪಕ್ಕ ನಿಂತಿದ್ದ. ಶಬ್ದದಲ್ಲಿ ಕೇಳಲಿ ಎಂದು ಹತ್ತಿರ ಹೋಗಿ, ಆ ಸಾಲನ್ನು ತಾರೀಕಿನಿಂದ ಹಿಡಿದು ಕೊನೆಯ ಪದದವರೆಗೂ ಜೋರಾಗಿ ಓದಿದೆ. ನಾನು ಏನೂ ಕೇಳಲಿಲ್ಲ. ಅವನು ಹಾಳೆ ತೆಗೆದುಕೊಂಡು ತಾನೇ ಒಂದು ಸಲ ನೋಡಿದ. ಪಕ್ಕದವನಿಗೆ ತನ್ನ ಫರ್ನೇಸ್ ನೋಡಿಕೋ ಎಂದು ಸನ್ನೆ ಮಾಡಿ, ಕೈಗವಸು ಏರಿಸಿಕೊಳ್ಳುತ್ತ ಎರಡನೇ ಫರ್ನೇಸಿನ ಕಡೆ ನಡೆದ.